ಅಮೆರಿಕದ ಕಾಲೇಜು ಪ್ರವೇಶ: ಜನಾಂಗದ ಜಾಗದಲ್ಲಿ ಆರ್ಥಿಕ ಸ್ಥಿತಿ ನಿಲ್ಲಬಲ್ಲದೇ?

ಪ್ರಶ್ನೆ: ನಾವು ಹಲವು ವರ್ಷಗಳಿಂದ ನ್ಯೂಜೆರ್ಸಿಯಲ್ಲಿ ನೆಲೆಸಿದ್ದೇವೆ. ಗಂಡ ಹೆಂಡತಿ ಇಬ್ಬರೂ ಸಾಫ್ಟ್‌ವೇರ್ ಕಂಪನಿಗಳಲ್ಲಿ ಕೆಲಸ ಮಾಡುತ್ತೇವೆ. ಮಗಳು ಹನ್ನೊಂದನೇ ತರಗತಿಯಲ್ಲಿದ್ದಾಳೆ. ಅವಳ ಸಹಪಾಠಿಯೊಬ್ಬನ ತಂದೆ, ನಮ್ಮ ಹಾಸನದ ಕಡೆಯವರೇ, ಗ್ಯಾಸ್ ಸ್ಟೇಷನ್ನಿನಲ್ಲಿ ರಾತ್ರಿ ಪಾಳಿಯ ಕೆಲಸ ಮಾಡುತ್ತಾರೆ. ತಾಯಿ ಡೇಕೇರಿನಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಾರೆ. ಸುಪ್ರೀಂ ಕೋರ್ಟಿನ ತೀರ್ಪಿನ ಬಳಿಕ ಕಾಲೇಜುಗಳು ಜನಾಂಗದ ಬದಲು ಕುಟುಂಬದ ಆರ್ಥಿಕ ಸ್ಥಿತಿಯನ್ನು ನೋಡುತ್ತವೆ ಎಂದು ಕೇಳುತ್ತಿದ್ದೇವೆ. ಹೀಗೆ ನೋಡುವುದು ನ್ಯಾಯವೇ? ಜನಾಂಗದ ಪರಿಗಣನೆ ಮಾಡುತ್ತಿದ್ದ ಕೆಲಸವನ್ನು ಇದು ಮಾಡಬಲ್ಲದೇ? ಈ ಇಬ್ಬರು ಮಕ್ಕಳಿಗೆ ಇದರಿಂದ ಏನು ವ್ಯತ್ಯಾಸವಾಗುತ್ತದೆ?

ಉತ್ತರ: ತಮ್ಮ ಮೊದಲ ಪ್ರಶ್ನೆಗೆ ನನ್ನ ಉತ್ತರ ಹೌದು, ಎರಡನೆಯದಕ್ಕೆ ಇಲ್ಲ. ಬಡ ಮನೆಯ ಮಗುವಿನ ಸಾಧನೆಯನ್ನು ತೂಗುವಾಗ ಅದು ಯಾವ ಸ್ಥಿತಿಯಲ್ಲಿ ಓದಿ ಅಷ್ಟು ಅಂಕ ತೆಗೆಯಿತು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು ಜನಾಂಗದ ಪರಿಗಣನೆ ಇದ್ದ ಕಾಲದಲ್ಲಿಯೂ ನ್ಯಾಯವಾಗಿತ್ತು, ಈಗಲೂ ನ್ಯಾಯವೇ. ಆದರೆ ಅದನ್ನು ಜನಾಂಗದ ಪರಿಗಣನೆಗೆ ಬದಲಿಯೆಂದು ತಂದು ನಿಲ್ಲಿಸಿದರೆ, ಅದು ಆ ಕೆಲಸವನ್ನೂ ಪೂರ್ತಿ ಮಾಡಲಾರದು, ತನ್ನ ಸ್ವಂತ ಕೆಲಸವನ್ನೂ ಅರೆಬರೆಯಾಗಿ ಬಿಡುತ್ತದೆ. ನನ್ನ ಈ ಅಭಿಪ್ರಾಯಕ್ಕೆ ಆಧಾರಗಳೇನೆಂದು ವಿವರಿಸಿ, ಇಬ್ಬರು ಮಕ್ಕಳ ವಿಚಾರಕ್ಕೆ ಆಮೇಲೆ ಬರುತ್ತೇನೆ.

ಭಾರತದಲ್ಲಿ ನಾವು ಮೀಸಲಾತಿ ಎನ್ನುವ, ಇಂತಿಷ್ಟು ಸೀಟುಗಳನ್ನು ತೆಗೆದಿರಿಸುವ ವ್ಯವಸ್ಥೆಗೆ ಅಮೆರಿಕದ ಕಾಲೇಜುಗಳಲ್ಲಿ 1978ರಿಂದೀಚೆಗೆ ಅವಕಾಶವೇ ಇರಲಿಲ್ಲ ಎಂಬುದನ್ನು ಮೊದಲು ನೆನಪಿಡಬೇಕು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ವೈದ್ಯಕೀಯ ಕಾಲೇಜು ತನ್ನ 100 ಸೀಟುಗಳಲ್ಲಿ 16ನ್ನು ಅಲ್ಪಸಂಖ್ಯಾತ ಜನಾಂಗಗಳ ಅಭ್ಯರ್ಥಿಗಳಿಗೆ ಕಾಯ್ದಿರಿಸಿದ್ದುದನ್ನು ಅಲನ್ ಬಾಕಿ ಎಂಬ ಬಿಳಿಯ ಅಭ್ಯರ್ಥಿ ಪ್ರಶ್ನಿಸಿದಾಗ, ಸೀಟು ಕಾಯ್ದಿರಿಸುವುದು ತಪ್ಪು, ಆದರೆ ಹಲವು ಅಂಶಗಳಲ್ಲಿ ಒಂದಾಗಿ ಜನಾಂಗವನ್ನು ಗಮನಿಸಬಹುದು ಎಂಬ ನಿಲುವು ಆ ವರ್ಷದ ತೀರ್ಪಿನಿಂದ ಸ್ಥಿರವಾಯಿತು. 2003ರಲ್ಲಿ ಮಿಷಿಗನ್ ಕಾನೂನು ಕಾಲೇಜಿನ ಪ್ರಕರಣದಲ್ಲಿ ಅದೇ ನಿಲುವನ್ನು ಎತ್ತಿಹಿಡಿದ ನ್ಯಾಯಮೂರ್ತಿ ಸಾಂಡ್ರಾ ಡೇ ಓಕಾನರ್, ಇನ್ನು 25 ವರ್ಷಗಳಲ್ಲಿ ಇದರ ಅಗತ್ಯ ಉಳಿಯಲಾರದೆಂಬ ನಿರೀಕ್ಷೆಯನ್ನೂ ದಾಖಲಿಸಿದರು. ಆ ಗಡುವಿಗೆ ಇನ್ನೂ ಐದು ವರ್ಷ ಇರುವಾಗಲೇ, 2023ರ ಜೂನ್ 29ರಂದು, ಹಾರ್ವರ್ಡ್ ಮತ್ತು ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯಗಳ ವಿರುದ್ಧದ ಪ್ರಕರಣಗಳಲ್ಲಿ ಸುಪ್ರೀಂ ಕೋರ್ಟ್ ಆ ಪದ್ಧತಿಯನ್ನು ಕೊನೆಗೊಳಿಸಿತು. ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಬರೆದ ತೀರ್ಪು ಒಂದು ಕಿಂಡಿಯನ್ನು ಮಾತ್ರ ತೆರೆದಿಟ್ಟಿದೆ: ತನ್ನ ಜನಾಂಗ ತನ್ನ ಬದುಕನ್ನು ಹೇಗೆ ತಟ್ಟಿತು ಎಂದು ಅಭ್ಯರ್ಥಿ ಪ್ರಬಂಧದಲ್ಲಿ ಬರೆದರೆ, ಅದರಿಂದ ಕಾಣುವ ಆ ವ್ಯಕ್ತಿಯ ಗುಣ, ಧೈರ್ಯ, ಸಾಮರ್ಥ್ಯಗಳನ್ನು ಕಾಲೇಜು ಗಮನಿಸಬಹುದು. ನೇರವಾಗಿ ಮಾಡಬಾರದ್ದನ್ನು ಬಳಸುದಾರಿಯಲ್ಲಿಯೂ ಮಾಡಬಾರದು ಎಂಬ ಎಚ್ಚರಿಕೆಯೂ ಜೊತೆಯಲ್ಲಿಯೇ ಇದೆ. ಕುಟುಂಬದ ಬಡತನವನ್ನು ಪರಿಗಣಿಸುವುದಕ್ಕೆ ತೀರ್ಪಿನಲ್ಲಿ ಯಾವ ತಡೆಯೂ ಇಲ್ಲ.

ಬಡತನವನ್ನೇ ಆಧಾರವಾಗಿಸಬೇಕೆಂಬ ವಾದ ಹೊಸದೇನೂ ಅಲ್ಲ. ಈ ವಾದವನ್ನು ದಶಕಗಳಿಂದ ಮಂಡಿಸುತ್ತಾ ಬಂದಿರುವ ಶಿಕ್ಷಣ ನೀತಿಯ ಲೇಖಕ ರಿಚರ್ಡ್ ಕಾಲೆನ್‌ಬರ್ಗ್, ಹಾರ್ವರ್ಡ್ ಪ್ರಕರಣದಲ್ಲಿ ದಾವೆ ಹೂಡಿದವರ ಪರ ತಜ್ಞ ಸಾಕ್ಷಿಯಾಗಿದ್ದರು. ಅವರ ಆಕ್ಷೇಪಣೆಯಲ್ಲಿ ಸತ್ವವಿದೆ. ಜನಾಂಗದ ಪರಿಗಣನೆಯ ಲಾಭ ಬಹುಮಟ್ಟಿಗೆ ಆಯಾ ಜನಾಂಗದ ಅನುಕೂಲಸ್ಥ ಕುಟುಂಬಗಳ ಮಕ್ಕಳಿಗೆ ಹೋಗುತ್ತಿತ್ತು; ವೈದ್ಯರ, ವಕೀಲರ ಮಕ್ಕಳು ಒಳಗೆ ಬರುತ್ತಿದ್ದರು, ಯಾವ ಜನಾಂಗದವರೇ ಆಗಲಿ ಕೂಲಿಕಾರರ ಮಕ್ಕಳು ಹೊರಗೇ ಉಳಿಯುತ್ತಿದ್ದರು. ಕರ್ನಾಟಕದಲ್ಲಿ ಕೆನೆಪದರದ ಬಗ್ಗೆ ನಡೆದ ಚರ್ಚೆಯನ್ನು ಬಲ್ಲವರಿಗೆ ಈ ಮಾತು ಚೆನ್ನಾಗಿ ಅರ್ಥವಾಗುತ್ತದೆ. ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಸಂಗಡಿಗರು ತೆರಿಗೆ ದಾಖಲೆಗಳನ್ನು ಆಧರಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನ, 38 ಕಾಲೇಜುಗಳಲ್ಲಿ ದೇಶದ ಅತಿ ಶ್ರೀಮಂತ ಶೇ. 1ರಷ್ಟು ಕುಟುಂಬಗಳ ಮಕ್ಕಳ ಸಂಖ್ಯೆ ಕೆಳಗಿನ ಶೇ. 60ರಷ್ಟು ಕುಟುಂಬಗಳ ಮಕ್ಕಳ ಸಂಖ್ಯೆಗಿಂತ ಹೆಚ್ಚಿತ್ತೆಂದು ತೋರಿಸಿತು. ಬಣ್ಣದಲ್ಲಿ ವೈವಿಧ್ಯ ಇದ್ದೂ ಹಣದಲ್ಲಿ ವೈವಿಧ್ಯ ಇಲ್ಲದ ತರಗತಿಗಳು ಅವು. ಇದನ್ನು ಸರಿಪಡಿಸಬೇಕೆಂಬುದರಲ್ಲಿ ನನಗೆ ಎರಡು ಮಾತಿಲ್ಲ.

ಆದರೂ ಒಂದರ ಬದಲು ಇನ್ನೊಂದು ಸಾಲದು ಎನ್ನುವುದಕ್ಕೆ ಮೊದಲ ಕಾರಣ ಸರಳ ಲೆಕ್ಕ. ಅಮೆರಿಕದಲ್ಲಿ ಬಡತನದ ಪ್ರಮಾಣ ಕಪ್ಪು ಜನಾಂಗದವರಲ್ಲಿ ಬಿಳಿಯರಲ್ಲಿರುವುದಕ್ಕಿಂತ ಹೆಚ್ಚು. ಆದರೆ ಬಡವರ ತಲೆ ಎಣಿಸಿದರೆ ಬಿಳಿಯರೇ ಹೆಚ್ಚು, ಏಕೆಂದರೆ ಒಟ್ಟು ಜನಸಂಖ್ಯೆಯಲ್ಲಿ ಅವರೇ ಹೆಚ್ಚು. ಹಾಗಾಗಿ ವಾರ್ಷಿಕ ಆದಾಯವೊಂದನ್ನೇ ನೋಡಿ ಬಡ ವಿದ್ಯಾರ್ಥಿಗಳಿಗೆ ಆದ್ಯತೆ ಕೊಟ್ಟರೆ, ಬರುವ ತರಗತಿಯಲ್ಲಿ ಬಡವರು ಹೆಚ್ಚುತ್ತಾರೆ, ಕಪ್ಪು ವಿದ್ಯಾರ್ಥಿಗಳು ಅದೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ. ಹಾರ್ವರ್ಡ್ ಪ್ರಕರಣದಲ್ಲಿ ಕಾಲೆನ್‌ಬರ್ಗ್ ಅವರೇ ಮಂಡಿಸಿದ ಮಾದರಿಯನ್ನು ನೋಡಬಹುದು. ಬಡ ಅಭ್ಯರ್ಥಿಗಳಿಗೆ, ಕ್ರೀಡಾಪಟುಗಳಿಗೆ ಸಿಗುವ ಆದ್ಯತೆಯ ಅರ್ಧದಷ್ಟನ್ನು ಕೊಟ್ಟು, ಹಳೆಯ ವಿದ್ಯಾರ್ಥಿಗಳ, ದಾನಿಗಳ ಮತ್ತು ಅಧ್ಯಾಪಕರ ಮಕ್ಕಳಿಗಿದ್ದ ಆದ್ಯತೆಯನ್ನು ತೆಗೆದರೆ ಜನಾಂಗವನ್ನು ನೋಡದೆಯೇ ಹೆಚ್ಚುಕಡಿಮೆ ಈಗಿನಂಥದೇ ತರಗತಿ ಸಿಗುತ್ತದೆ ಎಂದು ನ್ಯಾಯಮೂರ್ತಿ ನೀಲ್ ಗೊರ್ಸಚ್ ತಮ್ಮ ಸಹಮತದ ಅಭಿಪ್ರಾಯದಲ್ಲಿ ಅದನ್ನು ಎತ್ತಿ ಹೇಳಿದ್ದಾರೆ. ಆ ಮಾದರಿಯಲ್ಲಿ ಹಿಸ್ಪಾನಿಕ್ (ಸ್ಪ್ಯಾನಿಷ್ ಭಾಷೆಯ ನಾಡುಗಳ ಮೂಲದ) ಮತ್ತು ಏಷ್ಯನ್ ವಿದ್ಯಾರ್ಥಿಗಳ ಪಾಲು ಏರುತ್ತದೆ, ಬಿಳಿಯರ ಪಾಲು ಇಳಿಯುತ್ತದೆ, ಆದರೆ ಕಪ್ಪು ವಿದ್ಯಾರ್ಥಿಗಳ ಪಾಲಿನಲ್ಲಿ ಸುಮಾರು ಮೂರನೇ ಒಂದು ಭಾಗ ಕಡಿಮೆಯಾಗುತ್ತದೆ. ಯಾರ ಇತಿಹಾಸವನ್ನು ಮುಂದಿಟ್ಟುಕೊಂಡು ಈ ಪದ್ಧತಿ ಮೊದಲಾಯಿತೋ ಅವರಿಗೇ ಅತಿ ಹೆಚ್ಚು ನಷ್ಟವಾಗುವ ಮಾದರಿಯನ್ನು 'ಹೆಚ್ಚುಕಡಿಮೆ ಅಂಥದೇ' ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

ಎರಡನೆಯ ಕಾರಣ ಇನ್ನೂ ಆಳದ್ದು. ಆದಾಯ ಬೇರೆ, ಆಸ್ತಿ ಬೇರೆ. ವರ್ಷಕ್ಕೆ ತಲಾ 60,000 ಡಾಲರ್ ಸಂಪಾದಿಸುವ ಎರಡು ಕುಟುಂಬಗಳನ್ನು ಎದುರುಬದುರಾಗಿ ಇಟ್ಟು ನೋಡೋಣ. ಒಂದರ ಅಜ್ಜ ಎರಡನೇ ಮಹಾಯುದ್ಧದಿಂದ ಮರಳಿದ ಮೇಲೆ ಸರ್ಕಾರದ ಖಾತರಿಯಿದ್ದ ಸಾಲದಲ್ಲಿ ಒಳ್ಳೆಯ ಶಾಲೆಯಿರುವ ಬಡಾವಣೆಯಲ್ಲಿ ಮನೆ ಕೊಂಡಿದ್ದರು. ಆ ಮನೆ ಇಂದು ಮೊಮ್ಮಕ್ಕಳ ಕೈಯಲ್ಲಿದೆ. ಇನ್ನೊಂದರ ಅಜ್ಜ ಅದೇ ಯುದ್ಧದಲ್ಲಿ ದುಡಿದು ಬಂದರೂ ಕಪ್ಪು ಜನಾಂಗದವರಾದ ಕಾರಣ, 1930ರ ದಶಕದಿಂದ ಸರ್ಕಾರಿ ನಕ್ಷೆಗಳಲ್ಲಿ ಕೆಂಪು ಬಣ್ಣ ಬಳಿದಿಟ್ಟ ಬಡಾವಣೆಯಲ್ಲಿ ಸಾಲ ಸಿಗದೆ ಬಾಡಿಗೆ ಮನೆಯಲ್ಲಿಯೇ ಉಳಿದರು. ಮನೆ ಮಾರಾಟದಲ್ಲಿ ಇಂಥ ತಾರತಮ್ಯವನ್ನು ನಿಷೇಧಿಸುವ ಕಾಯ್ದೆ ಬಂದದ್ದು 1968ರಲ್ಲಿ. ಅಷ್ಟು ಹೊತ್ತಿಗೆ ಒಂದು ಪೀಳಿಗೆ ಕಳೆದುಹೋಗಿತ್ತು. ಅಮೆರಿಕದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್‌ನ 2022ರ ಸಮೀಕ್ಷೆಯಂತೆ ಬಿಳಿಯ ಕುಟುಂಬಗಳ ಮಧ್ಯಮಟ್ಟದ ನಿವ್ವಳ ಆಸ್ತಿ 2,85,000 ಡಾಲರ್, ಕಪ್ಪು ಕುಟುಂಬಗಳದ್ದು 44,900 ಡಾಲರ್. ಆದಾಯ ತೆರಿಗೆಯ ವಿವರದಲ್ಲಿ ಈ ಎರಡು ಕುಟುಂಬಗಳು ಒಂದೇ ಸಾಲಿನಲ್ಲಿ ಕಾಣುತ್ತವೆ. ಮಗುವಿನ ಶಾಲೆ, ಬೀದಿಯ ಸುರಕ್ಷತೆ, ಕಷ್ಟಕಾಲದಲ್ಲಿ ಕೈಹಿಡಿಯುವ ಉಳಿತಾಯ ಇವೆಲ್ಲ ಆ ಸಾಲಿನ ಹೊರಗೇ ಉಳಿಯುತ್ತವೆ. ಆದ್ದರಿಂದ ಆರ್ಥಿಕ ಸ್ಥಿತಿಯನ್ನು ನೋಡುತ್ತೇವೆ ಎನ್ನುವ ಕಾಲೇಜು ಆದಾಯವನ್ನಷ್ಟೇ ನೋಡಿದರೆ ಅದು ಬಡತನವನ್ನೇ ಸರಿಯಾಗಿ ನೋಡಿದಂತಾಗುವುದಿಲ್ಲ.

ತೀರ್ಪಿನ ಪರಿಣಾಮವನ್ನು ಒಂದೆರಡು ವರ್ಷಗಳ ಅಂಕಿಅಂಶಗಳಿಂದ ಅಳೆಯಬಾರದು ನಿಜ. ಆದರೂ ಅವು ಏನು ಹೇಳುತ್ತಿವೆ ಎಂದು ನೋಡಬೇಕು. 2024ರಲ್ಲಿ ಮಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆ, ಅಂದರೆ ಎಂಐಟಿ ಸೇರಿದ ಹೊಸ ವಿದ್ಯಾರ್ಥಿಗಳಲ್ಲಿ ಕಪ್ಪು ಜನಾಂಗದವರು ಶೇ. 5, ಅದರ ಹಿಂದಿನ ವರ್ಷಗಳ ಸರಾಸರಿ ಶೇ. 13 ಇತ್ತು. ಆಮ್‌ಹರ್ಸ್ಟ್ ಕಾಲೇಜಿನಲ್ಲಿ ಶೇ. 11 ಇದ್ದದ್ದು ಶೇ. 3ಕ್ಕೆ ಇಳಿಯಿತು. ಯೇಲ್‌ನಲ್ಲಿ ಹೆಚ್ಚಿನ ಬದಲಾವಣೆ ಆಗಲಿಲ್ಲ. ನನ್ನ ವಾದಕ್ಕೆ ಎಲ್ಲಕ್ಕಿಂತ ಹತ್ತಿರದ ಉದಾಹರಣೆ ತಮ್ಮ ರಾಜ್ಯದ್ದೇ ಆದ ಪ್ರಿನ್ಸ್‌ಟನ್. 2025ರಲ್ಲಿ ಅಲ್ಲಿ ಸೇರಿದ ತರಗತಿಯಲ್ಲಿ, ಬಡ ಕುಟುಂಬಗಳಿಗೆ ಸಿಗುವ ಫೆಡರಲ್ ಪೆಲ್ ಅನುದಾನಕ್ಕೆ ಅರ್ಹರಾದವರು ಸುಮಾರು ನಾಲ್ಕನೇ ಒಂದು ಭಾಗ. ಆ ಸಂಸ್ಥೆಯ ಚರಿತ್ರೆಯಲ್ಲಿ ಇದು ದೊಡ್ಡ ಸಾಧನೆ. ಅದೇ ತರಗತಿಯಲ್ಲಿ ಕಪ್ಪು ವಿದ್ಯಾರ್ಥಿಗಳ ಪಾಲು ಹಿಂದಿನ ವರ್ಷದ ಶೇ. 9ರ ಆಸುಪಾಸಿನಿಂದ ಶೇ. 5ಕ್ಕೆ ಇಳಿದಿದೆ. ಬಡವರು ಹೆಚ್ಚಿದರು, ಕಪ್ಪು ಜನಾಂಗದವರು ಕಡಿಮೆಯಾದರು, ಎರಡೂ ಒಂದೇ ವರ್ಷದಲ್ಲಿ, ಒಂದೇ ಆವರಣದಲ್ಲಿ.

ಮತದಾರರ ಅಥವಾ ನ್ಯಾಯಾಲಯದ ತೀರ್ಮಾನದಿಂದ ಜನಾಂಗದ ಪರಿಗಣನೆ ಮೊದಲೇ ನಿಂತುಹೋಗಿದ್ದ ರಾಜ್ಯಗಳ ಅನುಭವವೂ ಇದಕ್ಕೆ ಹೊಂದುತ್ತದೆ. ಮಿಷಿಗನ್‌ನಲ್ಲಿ 2006ರಲ್ಲಿ ನಿಷೇಧ ಬಂತು. ಮಿಷಿಗನ್ ವಿಶ್ವವಿದ್ಯಾಲಯ ಸುಪ್ರೀಂ ಕೋರ್ಟಿಗೆ ತಿಳಿಸಿದ ಪ್ರಕಾರ ಪದವಿ ತರಗತಿಗಳಲ್ಲಿ ಕಪ್ಪು ವಿದ್ಯಾರ್ಥಿಗಳ ಪಾಲು ಆ ವರ್ಷದ ಶೇ. 7ರಿಂದ 2021ರ ಹೊತ್ತಿಗೆ ಶೇ. 4ಕ್ಕೆ ಬಂದಿತ್ತು. 1996ರಲ್ಲೇ ನಿಷೇಧ ಕಂಡ ಕ್ಯಾಲಿಫೋರ್ನಿಯಾದ ವಿಶ್ವವಿದ್ಯಾಲಯ ವ್ಯವಸ್ಥೆ, ಜನಾಂಗವನ್ನು ಮುಟ್ಟದ ಕ್ರಮಗಳಿಗಾಗಿ 2004ರಿಂದೀಚೆಗೆ 50 ಕೋಟಿ ಡಾಲರಿಗೂ ಹೆಚ್ಚು ಖರ್ಚು ಮಾಡಿಯೂ ಸಾಕಷ್ಟು ವೈವಿಧ್ಯ ತರಲಾಗಲಿಲ್ಲವೆಂದು ಅದೇ ನ್ಯಾಯಾಲಯಕ್ಕೆ ಹೇಳಿತು. ಟೆಕ್ಸಾಸ್ 1997ರಲ್ಲಿ ಹಿಡಿದ ದಾರಿ ಬೇರೆ: ರಾಜ್ಯದ ಪ್ರತಿ ಪ್ರೌಢಶಾಲೆಯ ಮೊದಲ ಶೇ. 10ರಷ್ಟು ವಿದ್ಯಾರ್ಥಿಗಳಿಗೆ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಪ್ರವೇಶದ ಖಾತರಿ. ಹಳ್ಳಿಯ ಶಾಲೆಗಳಿಗೆ, ಬಡ ಬಡಾವಣೆಗಳ ಶಾಲೆಗಳಿಗೆ ಅದರಿಂದ ಬಾಗಿಲು ತೆರೆದದ್ದು ನಿಜ. ಆದರೆ ಆ ಯೋಜನೆ ಫಲ ಕೊಡುವುದು ಶಾಲೆಗಳು ಜನಾಂಗವಾರು ಬೇರೆ ಬೇರೆಯಾಗಿಯೇ ಉಳಿದಿರುವ ತನಕ ಮಾತ್ರ ಎಂಬ ಸಂಗತಿ ನನ್ನನ್ನು ಸದಾ ಕಾಡುತ್ತದೆ.

ಹಾಗಾದರೆ ಚೆನ್ನಾಗಿ ಮಾಡಿದವರು ಯಾರೂ ಇಲ್ಲವೇ? ಇದ್ದಾರೆ. ಬಾಕಿ ಪ್ರಕರಣದಲ್ಲಿ ಸೋತ ಅದೇ ಡೇವಿಸ್ ವೈದ್ಯಕೀಯ ಕಾಲೇಜು 2012ರಲ್ಲಿ ಸಾಮಾಜಿಕ ಮತ್ತು ಆರ್ಥಿಕ ಅನನುಕೂಲವನ್ನು 0ಯಿಂದ 99ರವರೆಗೆ ಅಳೆಯುವ ಮಾಪಕವೊಂದನ್ನು ರೂಪಿಸಿಕೊಂಡಿತು. ಕುಟುಂಬದ ಆದಾಯ ಅದರಲ್ಲಿ ಒಂದು ಅಂಶ ಮಾತ್ರ. ತಂದೆತಾಯಿ ಎಷ್ಟು ಓದಿದ್ದಾರೆ, ಅಭ್ಯರ್ಥಿ ಬೆಳೆದದ್ದು ವೈದ್ಯರೇ ಸಿಗದ ಪ್ರದೇಶದಲ್ಲೇ, ಮನೆಯವರ ಹೊಟ್ಟೆಪಾಡಿಗೆ ತಾನೂ ದುಡಿಯಬೇಕಾಯಿತೇ ಮುಂತಾದ ಒಟ್ಟು ಎಂಟು ಅಂಶಗಳಿವೆ. ವೈದ್ಯ ದಂಪತಿಯ ಮಗ ಅಥವಾ ಮಗಳಿಗೆ ಇದರಲ್ಲಿ ಸಾಮಾನ್ಯವಾಗಿ ಸಿಗುವುದು ಸೊನ್ನೆ. ಈ ಅಂಕವನ್ನು ಅಭ್ಯರ್ಥಿಯ ಅಂಕಪಟ್ಟಿ, ಪ್ರವೇಶ ಪರೀಕ್ಷೆ, ಸಂದರ್ಶನ, ಶಿಫಾರಸು ಪತ್ರಗಳ ಜೊತೆಗಿಟ್ಟು ತೂಗಲಾಗುತ್ತದೆ. 2022ರಲ್ಲಿ ಸೇರಿದ 133 ಮಂದಿಯಲ್ಲಿ ಶೇ. 14 ಕಪ್ಪು ಜನಾಂಗದವರು, ಶೇ. 30 ಹಿಸ್ಪಾನಿಕ್ ಮೂಲದವರು. ಜನಾಂಗದ ಕಾಲಂ ಆ ಮಾಪಕದಲ್ಲಿ ಇಲ್ಲವೇ ಇಲ್ಲ. ಈ ಯಶಸ್ಸಿಗೆ ನಾನು ಕಾಣುವ ಕಾರಣಗಳು ಎರಡು. ಅಲ್ಲಿ ಬಡತನವನ್ನು ಹಲವು ಕಡೆಯಿಂದ ಅಳೆಯುತ್ತಾರೆ, ಮತ್ತು ಅಳೆದದ್ದಕ್ಕೆ ನಿಜವಾದ ತೂಕ ಕೊಡುತ್ತಾರೆ. ವೈದ್ಯರಿಲ್ಲದ ಊರುಗಳಿಗೆ ಹೋಗುವ ವೈದ್ಯರನ್ನು ತಯಾರಿಸಬೇಕೆಂಬ ಸ್ಪಷ್ಟ ಉದ್ದೇಶವೂ ಇದರ ಹಿಂದಿದೆ. ಹೆಚ್ಚಿನ ಕಾಲೇಜುಗಳು ಬಡತನಕ್ಕೆ ಕೊಡುವ ತೂಕ, ಎರಡು ಅರ್ಜಿಗಳು ಸಮಸಮ ಬಂದಾಗ ಒಂದು ಕಡೆಗೆ ಕೊಂಚ ವಾಲುವಷ್ಟು ಮಾತ್ರ. ಅಷ್ಟರಿಂದ ಇಂಥ ಫಲ ಬರುವುದಿಲ್ಲ.

ಪದವಿ ಕಾಲೇಜುಗಳಲ್ಲಿ ಹೊರಗಿನವರಿಗೆ ಅಷ್ಟಾಗಿ ಕಾಣದ ಇನ್ನೊಂದು ತೊಡಕಿದೆ. ಹೆಸರಾಂತ ಖಾಸಗಿ ಕಾಲೇಜುಗಳಲ್ಲಿ ಹಲವು 'ನೀಡ್-ಬ್ಲೈಂಡ್' ನೀತಿಯನ್ನು ಪಾಲಿಸುತ್ತವೆ. ಅಂದರೆ ಅಭ್ಯರ್ಥಿಗೆ ಶುಲ್ಕ ಕಟ್ಟುವ ಶಕ್ತಿ ಇದೆಯೋ ಇಲ್ಲವೋ ಎಂಬುದು ಪ್ರವೇಶದ ತೀರ್ಮಾನವನ್ನು ಪ್ರಭಾವಿಸಬಾರದೆಂದು, ಹಣಕಾಸು ನೆರವಿನ ಕಚೇರಿಯ ಕಡತಗಳನ್ನು ಪ್ರವೇಶ ಕಚೇರಿಯ ಕೈಗೆ ಕೊಡುವುದಿಲ್ಲ. ಬಡವರ ರಕ್ಷಣೆಗೆಂದು ಕಟ್ಟಿದ ಗೋಡೆ ಇದು. ಈಗ ಬಡತನಕ್ಕೆ ತೂಕ ಕೊಡಬೇಕೆಂದಾಗ ಅದೇ ಗೋಡೆ ಅಡ್ಡ ನಿಲ್ಲುತ್ತದೆ. ಕುಟುಂಬದ ಆದಾಯ, ಉಳಿತಾಯ, ಮನೆಯ ಬೆಲೆ ಎಲ್ಲವೂ ಅದೇ ಸಂಸ್ಥೆಯ ಇನ್ನೊಂದು ಕೋಣೆಯಲ್ಲಿದ್ದರೂ ಅರ್ಜಿ ಓದುವ ಅಧಿಕಾರಿ ಅವನ್ನು ನೋಡುವಂತಿಲ್ಲ. ಆದ್ದರಿಂದ ಅವರು ಸುಳಿವುಗಳನ್ನು ಹಿಡಿದು ಊಹಿಸುತ್ತಾರೆ: ಅರ್ಜಿ ಶುಲ್ಕದ ವಿನಾಯಿತಿ ಕೇಳಿದ್ದಾರೆಯೇ, ತಂದೆತಾಯಿಯ ಉದ್ಯೋಗ ಮತ್ತು ವಿದ್ಯಾಭ್ಯಾಸದ ಕಾಲಂನಲ್ಲಿ ಏನಿದೆ, ಆ ಶಾಲೆಯಲ್ಲಿ ಉಚಿತ ಊಟಕ್ಕೆ ಅರ್ಹರಾದ ಮಕ್ಕಳು ಎಷ್ಟು, ಕಾಲೇಜು ಮಟ್ಟದ ಪಾಠ ಹೇಳುವ ಎಪಿ ತರಗತಿಗಳು ಅಲ್ಲಿ ಎಷ್ಟಿವೆ. ಈ ಸುಳಿವುಗಳನ್ನು ಒಂದೆಡೆ ಸೇರಿಸಿ ಕೊಡುವ ಪ್ರಯತ್ನವನ್ನು ಕಾಲೇಜು ಪ್ರವೇಶಕ್ಕೆ ಬಳಸುವ ಎಸ್ಎಟಿ ಪರೀಕ್ಷೆ ನಡೆಸುವ ಕಾಲೇಜ್ ಬೋರ್ಡ್ ಮಾಡಿತ್ತು. 2019ರಲ್ಲಿ ಪ್ರತಿ ವಿದ್ಯಾರ್ಥಿಯ ಪರಿಸರಕ್ಕೆ ಒಂದೇ ಅಂಕ ಕೊಡಲು ಹೊರಟು, ಟೀಕೆಗೆ ಗುರಿಯಾಗಿ, ಅದೇ ವರ್ಷ ಅದನ್ನು ಕೈಬಿಟ್ಟು, ನೆರೆಹೊರೆ ಮತ್ತು ಶಾಲೆಯ ವಿವರಗಳನ್ನು ಬಿಡಿಬಿಡಿಯಾಗಿ ತೋರಿಸುವ 'ಲ್ಯಾಂಡ್‌ಸ್ಕೇಪ್' ಎಂಬ ಸಾಧನವನ್ನು ತಂದಿತು. 2025ರ ಸೆಪ್ಟೆಂಬರಿನಲ್ಲಿ ಅದನ್ನೂ ನಿಲ್ಲಿಸಿತು. ಅದರಲ್ಲಿ ಜನಾಂಗದ ಮಾಹಿತಿಯೇ ಇರಲಿಲ್ಲ. ಭೌಗೋಳಿಕ ಆಯ್ಕೆಯಂಥ ಕ್ರಮಗಳು ಜನಾಂಗದ ಮುಸುಕಾಗಿದ್ದರೆ ಅವೂ ಕಾನೂನುಬಾಹಿರ ಎಂದು ಫೆಡರಲ್ ಸರ್ಕಾರ ಆ ವರ್ಷ ಎಚ್ಚರಿಸಿದ ಹೊತ್ತಿನಲ್ಲಿ ಇಂಥ ಸಾಧನ ಹೋದದ್ದರಿಂದ ನಷ್ಟವಾದದ್ದು ಎಲ್ಲ ಜನಾಂಗಗಳ ಬಡ ಮಕ್ಕಳಿಗೆ.

ಬಡತನದ ಪರಿಗಣನೆಯನ್ನು ಬದಲಿ ಎಂದು ಕರೆಯಬಾರದೆನ್ನುವುದಕ್ಕೆ ನನ್ನ ಇನ್ನೊಂದು ಕಾರಣವೂ ಇಲ್ಲಿಯೇ ಇದೆ. ಜನಾಂಗದ ಲೆಕ್ಕ ಸರಿದೂಗಿಸಲೆಂದೇ ಬಡತನದ ಮಾಪಕವನ್ನು ತಂದೆವು ಎಂದು ಕಾಲೇಜೇ ಬರೆದಿಟ್ಟರೆ, ಬಳಸುದಾರಿ ಹಿಡಿದ ಆರೋಪಕ್ಕೆ ಅದೇ ದಾಖಲೆಯಾಗುತ್ತದೆ. ಕಷ್ಟದಲ್ಲಿ ಓದಿದವರ ಸಾಧನೆಯನ್ನು ಸರಿಯಾಗಿ ಅಳೆಯಲು ತಂದೆವು ಎಂದರೆ ಆ ಆರೋಪ ನಿಲ್ಲುವುದು ಕಷ್ಟ, ಮತ್ತು ಅದು ಸತ್ಯವೂ ಹೌದು. ವರ್ಜೀನಿಯಾದ ಫೇರ್‌ಫ್ಯಾಕ್ಸ್ ಕೌಂಟಿಯ ಥಾಮಸ್ ಜೆಫರ್ಸನ್ ವಿಜ್ಞಾನ ಪ್ರೌಢಶಾಲೆಯ ವ್ಯಾಜ್ಯವನ್ನು ಅಲ್ಲಿನ ಭಾರತೀಯ ಕುಟುಂಬಗಳು ಹತ್ತಿರದಿಂದ ಬಲ್ಲವು. ಪ್ರವೇಶ ಪರೀಕ್ಷೆಯನ್ನು ತೆಗೆದು, ಪ್ರತಿ ಮಾಧ್ಯಮಿಕ ಶಾಲೆಗೂ ಪಾಲು ಕೊಟ್ಟು, ಮನೆಯ ಬಡತನವನ್ನೂ ಗಮನಿಸುವ ಪದ್ಧತಿ ಬಂದಾಗ ಏಷ್ಯನ್ ವಿದ್ಯಾರ್ಥಿಗಳ ಪಾಲು ಶೇ. 73ರಿಂದ ಶೇ. 54ಕ್ಕೆ ಇಳಿಯಿತು, ಪೋಷಕರು ನ್ಯಾಯಾಲಯಕ್ಕೆ ಹೋದರು. 2023ರಲ್ಲಿ ಮೇಲ್ಮನವಿ ನ್ಯಾಯಾಲಯ ಶಾಲಾ ಮಂಡಳಿಯ ಪರ ತೀರ್ಪು ಕೊಟ್ಟಿತು, 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಪ್ರಕರಣವನ್ನು ಕೈಗೆತ್ತಿಕೊಳ್ಳಲಿಲ್ಲ. ಆ ತೀರ್ಪಿನಲ್ಲಿ ಒಂದು ಸಣ್ಣ ಅಂಕಿ ಇದೆ, ಅದನ್ನು ತಾವು ಗಮನಿಸಬೇಕು: ಬಡ ಏಷ್ಯನ್ ಕುಟುಂಬಗಳಿಂದ ಆಯ್ಕೆಯಾದವರು 2020ರಲ್ಲಿ ಒಬ್ಬರೇ ಒಬ್ಬರು, ಹೊಸ ಪದ್ಧತಿಯ ಮೊದಲ ವರ್ಷ 51 ಮಂದಿ. ತಮ್ಮ ಪರಿಚಿತರ ಮಗನಂಥವರು ಹಳೆಯ ಶೇ. 73ರೊಳಗೆ ಹೆಚ್ಚುಕಡಿಮೆ ಇರಲೇ ಇಲ್ಲ.

ನಾವು ಕನ್ನಡಿಗರು ಈ ಪ್ರಯೋಗವನ್ನು ಒಮ್ಮೆ ನೋಡಿದ್ದೇವೆ ಎಂಬುದು ಇಂದು ಅನೇಕರಿಗೆ ಮರೆತಿದೆ. ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಶೇ. 68ರಷ್ಟು ಸೀಟುಗಳನ್ನು ಮೀಸಲಿಟ್ಟ ಮೈಸೂರು ಸರ್ಕಾರದ ಆದೇಶವನ್ನು ಎಂ.ಆರ್. ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1962ರಲ್ಲಿ ರದ್ದುಪಡಿಸಿ, ಹಿಂದುಳಿದಿರುವಿಕೆಗೆ ಜಾತಿಯೊಂದೇ ಅಳತೆಗೋಲಾಗಬಾರದು ಎಂದಿತು. ಮರುವರ್ಷ ಸರ್ಕಾರ ಜಾತಿಯ ಹೆಸರೇ ಇಲ್ಲದ ಆದೇಶ ಹೊರಡಿಸಿತು: ಕುಟುಂಬದ ಆದಾಯ ವರ್ಷಕ್ಕೆ 1,200 ರೂಪಾಯಿ ಮೀರಬಾರದು, ಕಸುಬು ಬೇಸಾಯವೋ ಕರಕುಶಲವೋ ಸಣ್ಣ ವ್ಯಾಪಾರವೋ ಕೆಳದರ್ಜೆಯ ನೌಕರಿಯೋ ಮೈಮುರಿದು ದುಡಿಯುವ ಬೇರಾವುದಾದರೂ ಕೆಲಸವೋ ಆಗಿರಬೇಕು; ಅಂಥವರ ಮಕ್ಕಳಿಗೆ ಶೇ. 30 ಸೀಟು. 1964ರಲ್ಲಿ ಆರ್. ಚಿತ್ರಲೇಖಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಅಂದರೆ ನ್ಯಾಯಾಲಯ ಒಂದು ಅಳತೆಗೋಲನ್ನು ಕಿತ್ತುಕೊಂಡಾಗ ಆದಾಯ ಮತ್ತು ಕಸುಬನ್ನು ಅದರ ಜಾಗದಲ್ಲಿಟ್ಟ ಸರ್ಕಾರ ನಮ್ಮದೇ. ಹತ್ತು ವರ್ಷ ತುಂಬುವ ಮೊದಲೇ, 1972ರಲ್ಲಿ, ದೇವರಾಜ ಅರಸು ಸರ್ಕಾರ ಎಲ್.ಜಿ. ಹಾವನೂರು ಆಯೋಗವನ್ನು ನೇಮಿಸಿತು. 1975ರ ಅದರ ವರದಿಯ ನಂತರ ಜಾತಿಯ ಸ್ಥಿತಿಗತಿ ಮತ್ತೆ ಲೆಕ್ಕಕ್ಕೆ ಬಂತು. ಜಾತಿಯೂ ಅಮೆರಿಕದ ಜನಾಂಗವೂ ಒಂದೇ ಎಂದು ನಾನು ಹೇಳುತ್ತಿಲ್ಲ, ಎರಡು ದೇಶಗಳ ಸಂವಿಧಾನಗಳೂ ಬೇರೆ. ಆದರೆ ಬಡತನ ಮತ್ತು ಪೀಳಿಗೆಗಳಿಂದ ಬಂದ ಸಾಮಾಜಿಕ ಹೊರೆ ಒಂದಕ್ಕೊಂದು ಹೆಣೆದುಕೊಂಡಿದ್ದರೂ ಎರಡೂ ಒಂದೇ ಅಲ್ಲವೆಂಬ ಅರಿವು ನಮ್ಮ ರಾಜ್ಯಕ್ಕೆ ಅನುಭವದಿಂದ ಬಂದದ್ದು.

ಆಯ್ಕೆಯ ಮಾತಿಗಿಂತ ಮೊದಲು ಅರ್ಜಿಯ ಮಾತೇ ಇದೆ. ಅಂಕಗಳಲ್ಲಿ ಯಾರಿಗೂ ಕಡಿಮೆಯಿಲ್ಲದ ಬಡ ಮಕ್ಕಳು ಒಳ್ಳೆಯ ಕಾಲೇಜುಗಳಿಗೆ ಅರ್ಜಿಯನ್ನೇ ಹಾಕುವುದಿಲ್ಲ. ಪ್ರಕಟಿತ ಶುಲ್ಕವನ್ನು ನೋಡಿಯೇ ಹಿಂದೆ ಸರಿಯುತ್ತಾರೆ. ಮಿಷಿಗನ್ ವಿಶ್ವವಿದ್ಯಾಲಯ 2015ರಲ್ಲಿ ನಡೆಸಿದ ಪ್ರಯೋಗ ಈ ವಿಷಯದಲ್ಲಿ ನನಗೆ ಬಹಳ ಮುಖ್ಯವೆನಿಸುತ್ತದೆ. ಅರ್ಥಶಾಸ್ತ್ರಜ್ಞೆ ಸೂಸನ್ ಡೈನಾರ್ಸ್ಕಿ ಮತ್ತು ಸಂಗಡಿಗರು ರೂಪಿಸಿದ ಆ ಯೋಜನೆಯಲ್ಲಿ, ರಾಜ್ಯದ ಬಡ ಕುಟುಂಬಗಳ ಪ್ರತಿಭಾವಂತ ಮಕ್ಕಳಿಗೆ ವಿಶ್ವವಿದ್ಯಾಲಯದ ಬಣ್ಣಗಳಿರುವ ದೊಡ್ಡ ಲಕೋಟೆಯೊಂದು ಅಂಚೆಯಲ್ಲಿ ಹೋಯಿತು: ನಿನಗೆ ಪ್ರವೇಶ ಸಿಕ್ಕರೆ ನಾಲ್ಕು ವರ್ಷ ಬೋಧನಾ ಶುಲ್ಕವಿಲ್ಲ, ಅದಕ್ಕಾಗಿ ನೆರವಿನ ಅರ್ಜಿ ನಮೂನೆ ಯಾವುದನ್ನೂ ತುಂಬಬೇಕಿಲ್ಲ. ತಂದೆತಾಯಿಗೂ ಶಾಲೆಯ ಮುಖ್ಯಸ್ಥರಿಗೂ ಪ್ರತ್ಯೇಕ ಪತ್ರಗಳು ಹೋದವು. ಈ ಮಕ್ಕಳಲ್ಲಿ ಹೆಚ್ಚಿನವರಿಗೆ ಮಾಮೂಲಿ ನೆರವಿನಿಂದಲೇ ಅಷ್ಟು ಹಣ ಸಿಗುತ್ತಿತ್ತು. ಹೊಸದಾಗಿದ್ದದ್ದು ಮುಂಚಿತವಾಗಿ ಕೊಟ್ಟ ಭರವಸೆ. ಲಕೋಟೆ ಬಾರದ ಅಂಥದೇ ಮಕ್ಕಳಲ್ಲಿ ಶೇ. 26 ಮಂದಿ ಅರ್ಜಿ ಹಾಕಿದರೆ, ಬಂದವರಲ್ಲಿ ಶೇ. 68 ಮಂದಿ ಹಾಕಿದರು. ಸೇರಿದವರ ಪ್ರಮಾಣ ಶೇ. 12ರಿಂದ ಶೇ. 27ಕ್ಕೆ ಏರಿತು.

ಇನ್ನು ಹಣದ ವಿಚಾರ. ಬಡ ವಿದ್ಯಾರ್ಥಿಯನ್ನು ಸೇರಿಸಿಕೊಂಡ ಕಾಲೇಜು ಅವರ ಶುಲ್ಕ, ಊಟ, ವಸತಿಯ ಖರ್ಚನ್ನೂ ಹೊರಬೇಕು. ದೊಡ್ಡ ನಿಧಿಯಿರುವ ಕಾಲೇಜುಗಳಿಗೆ ಇದು ಸಾಧ್ಯ, ಉಳಿದವು ಶುಲ್ಕ ಕಟ್ಟುವವರನ್ನೇ ನೆಚ್ಚಿಕೊಂಡಿವೆ. ಹಣವಿದ್ದವೂ ಮಾಡಬೇಕಾದಷ್ಟನ್ನು ಮಾಡಿಲ್ಲ ಎನ್ನುವುದಕ್ಕೆ ಚೆಟ್ಟಿ, ಡೇವಿಡ್ ಡೆಮಿಂಗ್ ಮತ್ತು ಜಾನ್ ಫ್ರೀಡ್ಮನ್ ಅವರ 2023ರ ಅಧ್ಯಯನವೇ ಸಾಕ್ಷಿ: ಹಾರ್ವರ್ಡ್, ಯೇಲ್ ಮುಂತಾದ ಹೆಸರಾಂತ ವಿಶ್ವವಿದ್ಯಾಲಯಗಳ ಗುಂಪಾದ ಐವಿ ಲೀಗ್‌ನ ಎಂಟು ಮತ್ತು ಅವುಗಳ ಸಾಲಿನ ಇನ್ನು ನಾಲ್ಕು ಕಾಲೇಜುಗಳಲ್ಲಿ, ಪರೀಕ್ಷೆಯ ಅಂಕ ಒಂದೇ ಇದ್ದರೂ ಅತಿ ಶ್ರೀಮಂತ ಶೇ. 1ರ ಮಕ್ಕಳಿಗೆ ಪ್ರವೇಶ ಸಿಗುವ ಸಂಭವ ಮಧ್ಯಮ ವರ್ಗದ ಮಕ್ಕಳಿಗಿಂತ ಎರಡು ಪಟ್ಟಿಗೂ ಹೆಚ್ಚು. ಹಳೆಯ ವಿದ್ಯಾರ್ಥಿಗಳ ಮಕ್ಕಳಿಗೆ ಕೊಡುವ ಆದ್ಯತೆ, ಪಠ್ಯೇತರ ಚಟುವಟಿಕೆಗಳಿಗೆ ಕೊಡುವ ಅಂಕ, ಕ್ರೀಡಾಪಟುಗಳ ನೇಮಕ ಇದಕ್ಕೆ ಕಾರಣಗಳು. ಜಾನ್ಸ್ ಹಾಪ್ಕಿನ್ಸ್ 2014ರಲ್ಲಿ, ಆಮ್‌ಹರ್ಸ್ಟ್ 2021ರಲ್ಲಿ ಹಳೆಯ ವಿದ್ಯಾರ್ಥಿಗಳ ಮಕ್ಕಳ ಆದ್ಯತೆಯನ್ನು ಕೈಬಿಟ್ಟವು. ಕ್ಯಾಲಿಫೋರ್ನಿಯಾ 2024ರಲ್ಲಿ ಕಾನೂನು ಮಾಡಿ ಖಾಸಗಿ ಕಾಲೇಜುಗಳಲ್ಲಿಯೂ ಅದನ್ನು ನಿಷೇಧಿಸಿತು. ಬಡವರಿಗೆ ಬಾಗಿಲು ತೆರೆದಿದ್ದೇವೆ ಎನ್ನುವ ಕಾಲೇಜು ಈ ಆದ್ಯತೆಗಳನ್ನು ಹಾಗೆಯೇ ಉಳಿಸಿಕೊಂಡಿದ್ದರೆ ಅದರ ಮಾತನ್ನು ನಾನು ನಂಬುವುದಿಲ್ಲ.

ಈಗ ತಮ್ಮ ಮಗಳ ವಿಚಾರ. ತಮ್ಮ ಆದಾಯ ಹೆಚ್ಚೆಂಬ ಕಾರಣಕ್ಕೆ ಅವಳ ಅಂಕ ಕಳೆಯುವ ಕಾಲೇಜು ನನಗೆ ತಿಳಿದ ಮಟ್ಟಿಗೆ ಇಲ್ಲ. ಅವಳಿಗೆ ಎಷ್ಟು ಅವಕಾಶಗಳಿದ್ದವು, ಅವುಗಳನ್ನು ಅವಳು ಹೇಗೆ ಬಳಸಿಕೊಂಡಳು ಎಂದು ನೋಡುತ್ತಾರೆ. ಹತ್ತಾರು ಎಪಿ ತರಗತಿಗಳಿರುವ ಶಾಲೆಯ ವಿದ್ಯಾರ್ಥಿಯಿಂದ ಹೆಚ್ಚಿನದನ್ನು ನಿರೀಕ್ಷಿಸುತ್ತಾರೆ. ಇಲ್ಲದ ಕಷ್ಟವನ್ನು ಪ್ರಬಂಧದಲ್ಲಿ ತರಬಾರದು. ತನಗೆ ನಿಜವಾಗಿ ಆಸಕ್ತಿಯಿರುವ ಒಂದು ವಿಷಯದಲ್ಲಿ ಆಳವಾಗಿ ಮಾಡಿದ ಕೆಲಸವನ್ನು ಅವಳು ತನ್ನದೇ ಮಾತಿನಲ್ಲಿ ಬರೆಯಲಿ.

ಪರಿಚಿತರ ಮಗನಿಗೆ ಬದಲಾವಣೆ ದೊಡ್ಡದು, ಆದರೆ ಅವನ ಸ್ಥಿತಿ ಅರ್ಜಿಯಲ್ಲಿ ಕಾಣಿಸಿದರೆ ಮಾತ್ರ. ತಂದೆಯ ರಾತ್ರಿ ಪಾಳಿಯಿಂದಾಗಿ ತಂಗಿಯನ್ನು ಶಾಲೆಗೆ ಸಿದ್ಧಪಡಿಸುವುದು, ಮನೆಯವರ ಪತ್ರವ್ಯವಹಾರ ನೋಡಿಕೊಳ್ಳುವುದು, ವಾರಾಂತ್ಯದಲ್ಲಿ ಅಂಗಡಿಯಲ್ಲಿ ದುಡಿಯುವುದು ಇವೇನಾದರೂ ಇದ್ದರೆ ಅವನ್ನು ಚಟುವಟಿಕೆಗಳ ಪಟ್ಟಿಯಲ್ಲಿಯೇ ಗಂಟೆಗಳ ಲೆಕ್ಕದೊಡನೆ ಬರೆಯಬೇಕು. ಹಲವು ಕಾಲೇಜುಗಳಿಗೆ ಒಂದೇ ನಮೂನೆಯಲ್ಲಿ ಸಲ್ಲಿಸುವ ಕಾಮನ್ ಆ್ಯಪ್ ಅರ್ಜಿಯಲ್ಲಿ ಕುಟುಂಬದ ಹೊಣೆ ಮತ್ತು ಸಂಬಳದ ಕೆಲಸ ಎರಡಕ್ಕೂ ಜಾಗವಿದೆ. ನಮ್ಮ ಮನೆಗಳಲ್ಲಿ ಇವನ್ನು ಹೇಳಿಕೊಳ್ಳಲು ಸಂಕೋಚಪಡುತ್ತಾರೆ, ಮಕ್ಕಳು ಬರೆಯದೇ ಬಿಡುತ್ತಾರೆ. ಶುಲ್ಕ ವಿನಾಯಿತಿಯನ್ನು ಕೇಳಬೇಕು, ಶಾಲೆಯ ಕೌನ್ಸೆಲರ್ ತಮ್ಮ ಪತ್ರದಲ್ಲಿ ಮನೆಯ ಸ್ಥಿತಿಯನ್ನು ತಿಳಿಸುವಂತೆ ಕೋರಬೇಕು. ಎಸ್ಎಟಿಯಲ್ಲಿ ಅಂಕ ಅಷ್ಟೇನೂ ದೊಡ್ಡದಲ್ಲವೆನಿಸಿದರೂ, ಅದು ಕಡ್ಡಾಯವಲ್ಲದ ಕಾಲೇಜುಗಳಿಗೆ ಕಳುಹಿಸಬೇಕೇ ಎಂದು ಕೌನ್ಸೆಲರ್ ಜೊತೆ ಮಾತಾಡಲಿ. ಅನನುಕೂಲ ಹಿನ್ನೆಲೆಯ ಅಭ್ಯರ್ಥಿಗಳು ತಮಗೆ ನೆರವಾಗುತ್ತಿದ್ದ ಅಂಕಗಳನ್ನು ಮುಚ್ಚಿಟ್ಟಿದ್ದರೆಂದು ಡಾರ್ಟ್‌ಮತ್ ಕಾಲೇಜಿನ ಅಧ್ಯಯನ ಕಂಡುಕೊಂಡ ಮೇಲೆಯೇ ಆ ಕಾಲೇಜು 2024ರಲ್ಲಿ ಪರೀಕ್ಷೆಯನ್ನು ಮತ್ತೆ ಕಡ್ಡಾಯ ಮಾಡಿದ್ದು.

ಆ ಕುಟುಂಬದ ವೀಸಾ ಸ್ಥಿತಿಯನ್ನು ಮೊದಲೇ ಕೇಳಿ ತಿಳಿದುಕೊಳ್ಳಿ. ಪೆಲ್ ಅನುದಾನ ಸೇರಿದಂತೆ ಫೆಡರಲ್ ನೆರವು ಸಿಗುವುದು ಪೌರರಿಗೆ, ಗ್ರೀನ್ ಕಾರ್ಡ್ ಇರುವವರಿಗೆ ಮತ್ತು ಇನ್ನು ಕೆಲವೇ ವರ್ಗಗಳಿಗೆ. ಎಚ್-1ಬಿ ಉದ್ಯೋಗ ವೀಸಾದವರ ಅವಲಂಬಿತರಿಗೆ ಕೊಡುವ ಎಚ್-4 ವೀಸಾದಲ್ಲಿರುವ ಮಕ್ಕಳಿಗೆ ಸಿಗದು, ಅವರನ್ನು ಹಲವು ಕಾಲೇಜುಗಳು ನೆರವಿನ ವಿಷಯದಲ್ಲಿ ವಿದೇಶಿಯರಂತೆಯೇ ನೋಡುತ್ತವೆ. ಪೌರತ್ವವೋ ಗ್ರೀನ್ ಕಾರ್ಡೋ ಇದ್ದರೆ ನ್ಯೂಜೆರ್ಸಿಯ ಎಜುಕೇಷನಲ್ ಆಪರ್ಚುನಿಟಿ ಫಂಡ್ ಯೋಜನೆಯನ್ನು ಖಂಡಿತ ನೋಡಬೇಕು. 1967ರ ನ್ಯೂವರ್ಕ್ ಗಲಭೆಯ ಬೆನ್ನಿಗೆ, 1968ರಲ್ಲಿ ಆರಂಭವಾದ ಈ ಯೋಜನೆ ಆದಾಯದ ಮಿತಿಯನ್ನು ಆಧರಿಸಿದ್ದು, ರಟ್ಗರ್ಸ್ ಸೇರಿದಂತೆ ರಾಜ್ಯದ ಅನೇಕ ಕಾಲೇಜುಗಳಲ್ಲಿ ಪ್ರವೇಶ, ಹಣದ ನೆರವು, ತರಗತಿ ಆರಂಭಕ್ಕೆ ಮುಂಚಿನ ಬೇಸಿಗೆಯ ತರಬೇತಿ ಮೂರನ್ನೂ ಒಟ್ಟಿಗೆ ಕೊಡುತ್ತದೆ. ದೊಡ್ಡ ಖಾಸಗಿ ಕಾಲೇಜುಗಳಿಗೆ ಕ್ವೆಸ್ಟ್‌ಬ್ರಿಜ್ ಎಂಬ ಸಂಸ್ಥೆಯ ಮೂಲಕ ಅರ್ಜಿ ಹಾಕಬಹುದು. ಸಾಮಾನ್ಯವಾಗಿ ನಾಲ್ವರ ಕುಟುಂಬದ ಆದಾಯ ವರ್ಷಕ್ಕೆ 65,000 ಡಾಲರಿಗಿಂತ ಕಡಿಮೆ ಇರುವವರನ್ನು ಅದು ಆರಿಸುತ್ತದೆ, ಆಯ್ಕೆಯಾಗಿ ಕಾಲೇಜಿನೊಡನೆ ಹೊಂದಿಕೆಯಾದವರಿಗೆ ನಾಲ್ಕು ವರ್ಷದ ಪೂರ್ಣ ವಿದ್ಯಾರ್ಥಿವೇತನ ಸಿಗುತ್ತದೆ. ಅದರ ಗಡುವು ಹನ್ನೆರಡನೇ ತರಗತಿ ಆರಂಭವಾದ ಕೆಲವೇ ವಾರಗಳಲ್ಲಿ, ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಮುಗಿಯುತ್ತದೆ. ಆದ್ದರಿಂದ ಬೇಸಿಗೆ ರಜೆಯಲ್ಲಿಯೇ ಅವರ ಮನೆಗೆ ಹೋಗಿ, ತೆರಿಗೆಯ ದಾಖಲೆಗಳನ್ನು ಮುಂದಿಟ್ಟುಕೊಂಡು, ಪ್ರತಿ ಕಾಲೇಜಿನ ಜಾಲತಾಣದಲ್ಲಿರುವ ನಿವ್ವಳ ವೆಚ್ಚದ ಲೆಕ್ಕಪಟ್ಟಿಯಲ್ಲಿ ಅವರ ಅಂಕಿಗಳನ್ನು ತುಂಬಿ, ಆ ತಂದೆತಾಯಿ ನಿಜವಾಗಿ ಎಷ್ಟು ಕಟ್ಟಬೇಕಾಗುತ್ತದೆಂದು ಅವರಿಗೆ ತೋರಿಸಿಕೊಡಿ.